ಮಂಪರಿನ ಮದ್ದಿನ ಪಕ್ಕ ಒಂದು ಸಾಲು ಬರೆಯಿರಿ

ಐಸಿಯು ನಡೆಸುವ ಹಿರಿಯ ವೈದ್ಯರಿಗೆ,

ನಮಸ್ಕಾರ. ನಾನು ನರ್ಸ್. ತಲೆಗೆ ಜೋರು ಪೆಟ್ಟು ಬಿದ್ದು ಬಂದವರ ಐಸಿಯುನಲ್ಲಿ 14 ವರ್ಷದಿಂದ ಇದ್ದೇನೆ. ನಿಮಗೆ ಪುರುಸೊತ್ತು ಕಡಿಮೆ ಅಂತ ಗೊತ್ತು. ಅದಕ್ಕೇ ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಮಂಪರಿನ ಔಷಧಿ ಬರೆಯುವಾಗ ಅದರ ಪಕ್ಕದಲ್ಲೇ ಒಂದು ಸಾಲು ಬರೆಯಿರಿ. ಇದು ಯಾಕೆ, ಎಷ್ಟು ಆಳಕ್ಕೆ, ಮತ್ತೆ ಯಾವಾಗ ಇಳಿಸಿ ನೋಡುತ್ತೀರಿ.

ಇಷ್ಟಕ್ಕೆ ಬಹಿರಂಗ ಪತ್ರ ಬೇಕಿತ್ತಾ ಅನ್ನಿಸಬಹುದು. ರೌಂಡ್ಸ್‌ನಲ್ಲಿ ಬಾಯಿ ಬಿಟ್ಟು ಹೇಳಿಯೂ ನೋಡಿದ್ದೇನೆ. "ಹೌದು ಸಿಸ್ಟರ್, ಒಳ್ಳೇ ಪಾಯಿಂಟ್" ಅಂದು ಮುಂದಿನ ಬೆಡ್‌ಗೆ ಹೋಗುತ್ತಾರೆ. ಅಲ್ಲಿಗೆ ಮುಗಿಯಿತು.

ರಾತ್ರಿ ಮೂರು ಗಂಟೆ. ಸಿರಿಂಜ್ ಪಂಪ್ ಕೂಗುತ್ತದೆ. ಮಲಗಿಸುವ ಮದ್ದು ಪ್ರೊಪೊಫಾಲ್ ಮುಗಿಯುತ್ತಾ ಬಂದಿದೆ. ನಾನು ಹೊಸ 50 ಎಂಎಲ್ ಸಿರಿಂಜ್ ತುಂಬುತ್ತೇನೆ. ಹಾಲಿನ ಹಾಗೆ ಬೆಳ್ಳಗಿರುತ್ತದೆ ಅದು. ಬೆರಳಲ್ಲಿ ತಟ್ಟಿ ಗಾಳಿಗುಳ್ಳೆ ತೆಗೆದು ಪಂಪಿಗೆ ಕೂರಿಸುತ್ತೇನೆ. ಚಾರ್ಟ್‌ನಲ್ಲಿ ಮೂರು ದಿನದಿಂದ ಒಂದೇ ಪದ: ಕಂಟಿನ್ಯೂ. ಮಲಗಿರುವುದು 26ರ ಹುಡುಗ. ಸಂಜೆ ಒಳಗೆ ಬಿಟ್ಟ ಹತ್ತು ನಿಮಿಷದಲ್ಲಿ ಅವನ ಅಮ್ಮ ಕೇಳಿದ್ದು ಒಂದೇ ಮಾತು. "ಸಿಸ್ಟರ್, ಇವನು ನಿದ್ದೆ ಮಾಡ್ತಿದಾನಾ, ಇಲ್ಲಾ ಎಚ್ಚರಾನೇ ಇಲ್ವಾ?"

ಮದ್ದು ಮಲಗಿಸಿದೆಯೋ, ಪೆಟ್ಟು ಮಲಗಿಸಿದೆಯೋ ಅಂತ ಆ ತಾಯಿ ಕೇಳಿದ್ದು. ನನಗೆ ಗೊತ್ತಿರಲಿಲ್ಲ. ಆ ಮದ್ದು ಹಾಕುತ್ತಿದ್ದವಳು ನಾನೇ.

ಈ ಪತ್ರವನ್ನು ರೋಗಿಗಳ ಮನೆಯವರೂ ಓದಲಿ ಅಂತ ಆಸೆ. ಅವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮಗೆ ಗೊತ್ತಿರುವುದೇ, ಬೇಕಾದರೆ ಹಾರಿಸಿಕೊಂಡು ಓದಿ.

ತಲೆಬುರುಡೆ ಮುಚ್ಚಿದ ಡಬ್ಬಿ ಇದ್ದ ಹಾಗೆ. ಒಳಗೆ ಮೆದುಳು, ರಕ್ತ, ನೀರಿನಂಥ ದ್ರವ ಮೂರೂ ಒತ್ತಾಗಿ ಕೂತಿರುತ್ತವೆ. ಕಾಲಿಗೆ ಪೆಟ್ಟು ಬಿದ್ದರೆ ಊದಿಕೊಳ್ಳಲು ಜಾಗ ಇದೆ, ಮೆದುಳಿಗೆ ಇಲ್ಲ. ಊದಿದರೆ ಒಳಗಿನ ಒತ್ತಡ ಏರುತ್ತದೆ, ರಕ್ತ ಒಳಗೆ ಹೋಗುವುದೇ ಕಷ್ಟವಾಗುತ್ತದೆ. ದೊಡ್ಡವರಲ್ಲಿ ಈ ಒತ್ತಡ ಸಾಮಾನ್ಯವಾಗಿ 15ರ ಒಳಗೆ ಇರುತ್ತದೆ. ಬಿಪಿ ಅಳೆಯುವ ಅದೇ ಪಾದರಸದ ಮಿಲಿಮೀಟರ್ ಲೆಕ್ಕ. 22 ದಾಟಿದರೆ ಇಳಿಸಿ ಅನ್ನುತ್ತದೆ ಬ್ರೈನ್ ಟ್ರಾಮಾ ಫೌಂಡೇಶನ್‌ನ 2016ರ ಮಾರ್ಗಸೂಚಿ.

ಗಂಟಲ ಕೊಳವೆಯಿಂದ ಕಫ ತೆಗೆಯುವಾಗ ಇದು ಕಣ್ಣೆದುರೇ ಕಾಣುತ್ತದೆ. ಸಕ್ಷನ್ ಪೈಪ್ ಒಳಗೆ ಇಳಿಸುತ್ತೇವೆ. ಮಂಪರು ಸಾಲದಿದ್ದರೆ ರೋಗಿ ಕೆಮ್ಮುತ್ತಾರೆ. ಮುಖ ಕೆಂಪಗಾಗುತ್ತದೆ, ಕತ್ತಿನ ನರ ಉಬ್ಬುತ್ತದೆ, ವೆಂಟಿಲೇಟರ್ ಬಡಿದುಕೊಳ್ಳುತ್ತದೆ. ಮಾನಿಟರ್‌ನಲ್ಲಿ 16 ಇದ್ದದ್ದು 24, 31, 38. ಪೈಪ್ ಹೊರಗೆ ಎಳೆದು, ತಲೆ ನೇರ ಮಾಡಿ, ಆ ಅಂಕಿ ಇಳಿಯುವುದನ್ನೇ ಕಾಯುತ್ತಾ ನಿಲ್ಲುತ್ತೇನೆ. ಕೆಲವೊಮ್ಮೆ ಅರ್ಧ ನಿಮಿಷಕ್ಕೆ ಇಳಿಯುತ್ತದೆ. ಕೆಲವೊಮ್ಮೆ ಇಳಿಯುವುದಿಲ್ಲ, ಡಾಕ್ಟರನ್ನು ಕೂಗುತ್ತೇನೆ.

ಹಾಗಾಗಿ ಇಂಥವರಿಗೆ ಮಂಪರು ಅನ್ನುವುದು ಸುಮ್ನೆ ಮಲಗಿಸುವ ಕೆಲಸ ಅಲ್ಲ, ಅದೇ ಚಿಕಿತ್ಸೆ. ಮಲಗಿದ ಮೆದುಳಿಗೆ ಆಮ್ಲಜನಕ ಕಡಿಮೆ ಸಾಕು, ಅದರ ಕಡೆ ಹರಿಯುವ ರಕ್ತವೂ ಕಡಿಮೆಯಾಗುತ್ತದೆ, ಒತ್ತಡ ಇಳಿಯುತ್ತದೆ. ಇದರಲ್ಲಿ ನನಗೆ ಯಾವ ತಕರಾರೂ ಇಲ್ಲ.

ತಕರಾರು ಇರುವುದು ಆಮೇಲಿನದರಲ್ಲಿ. ಮಲಗಿಸಲು ಕಾರಣಗಳು ಹಲವು. ಒಬ್ಬರಿಗೆ ತಲೆಯೊಳಗಿನ ಒತ್ತಡ. ಇನ್ನೊಬ್ಬರಿಗೆ ಫಿಟ್ಸ್. ಮತ್ತೊಬ್ಬರು ವೆಂಟಿಲೇಟರ್ ಜೊತೆ ಗುದ್ದಾಡುತ್ತಾರೆ. ಕೆಲವರಿಗೆ ಆಗಾಗ ಮೈಯೆಲ್ಲಾ ಬೆವೆತು, ಎದೆಬಡಿತ 150ಕ್ಕೆ ಏರಿ, ಕೈಕಾಲು ಸೆಟೆದುಕೊಳ್ಳುತ್ತದೆ. ಅದು ಎಚ್ಚರವೂ ಅಲ್ಲ, ಫಿಟ್ಸೂ ಅಲ್ಲ, ಅದಕ್ಕೆ ಬೇರೆಯೇ ಮದ್ದು ಬೇಕು. ಇನ್ನು ಕೆಲವರಿಗೆ ಬರೀ ನೋವು. ಪಕ್ಕೆಲುಬು ಮುರಿದಿದೆ, ಬಾಯಿ ಬಿಟ್ಟು ಹೇಳಲು ಕೊಳವೆ ಬಿಡುವುದಿಲ್ಲ. ಇಷ್ಟೂ ಜನರ ಚಾರ್ಟ್‌ನಲ್ಲಿ ನಾನು ನೋಡುವುದು ಅದೇ ಮದ್ದು, ಹೆಚ್ಚುಕಡಿಮೆ ಅದೇ ಡೋಸ್, ಅದೇ ಕಂಟಿನ್ಯೂ. ಮೊದಲ ದಿನದ ಕಾರಣ ನಾಲ್ಕನೇ ದಿನಕ್ಕೆ ಇರುತ್ತದೋ ಇಲ್ಲವೋ ಯಾರೂ ಕೇಳುವುದಿಲ್ಲ.

ನೋವಿನಿಂದಲೇ ಶುರು ಮಾಡುತ್ತೇನೆ. ಪ್ರೊಪೊಫಾಲ್ ನೋವು ತೆಗೆಯುವುದಿಲ್ಲ, ಮಿಡಜೋಲಾಮ್ ಕೂಡ ಇಲ್ಲ. ಮಲಗಿಸುತ್ತವೆ ಅಷ್ಟೇ. ಹುಬ್ಬು ಗಂಟಿಕ್ಕಿದೆ, ಹೊರಳಿಸಿದಾಗ ಬಿಪಿ ಏರುತ್ತದೆ, ಮುಷ್ಟಿ ಬಿಗಿಯುತ್ತದೆ. ಇದಕ್ಕೆ ನೋವಿನ ಮದ್ದು ಫೆಂಟನಿಲ್ ಸ್ವಲ್ಪ ಏರಿಸಿದರೆ ಎಷ್ಟೋ ಸಲ ಮಲಗಿಸುವ ಮದ್ದನ್ನು ಇಳಿಸಬಹುದು. ಮೊದಲು ನೋವು ನೋಡಿ, ಆಮೇಲೆ ಮಂಪರು ಅಂತ 2018ರಲ್ಲಿ ಬಂದ ಅಂತರರಾಷ್ಟ್ರೀಯ ಐಸಿಯು ಮಾರ್ಗಸೂಚಿಯೂ ಹೇಳುತ್ತದೆ. ಬೆಡ್ ಪಕ್ಕ ನಿಂತವರಿಗೆ ಇದು ಮೊದಲೇ ಗೊತ್ತಿತ್ತು ಅನ್ನಿ.

ಪ್ರೊಪೊಫಾಲ್ ನನಗೆ ಇಷ್ಟದ ಮದ್ದು. ಬೇಗ ಹಿಡಿಯುತ್ತದೆ, ನಿಲ್ಲಿಸಿದರೆ ಬೇಗ ಬಿಡುತ್ತದೆ. ಬೆಳಿಗ್ಗೆ ನೀವು ಬಂದಾಗ ಹತ್ತು ಹದಿನೈದು ನಿಮಿಷ ನಿಲ್ಲಿಸಿದರೆ ರೋಗಿ ಹೇಗಿದ್ದಾರೆ ಅಂತ ಒಂದು ಅಂದಾಜು ಸಿಗುತ್ತದೆ. ಆದರೆ ಅದು ಬಿಪಿ ಬೀಳಿಸುತ್ತದೆ. ಪೆಟ್ಟು ಬಿದ್ದ ಮೆದುಳಿಗೆ ಬಿಪಿ ಬಿದ್ದರೆ ಏನಾಗುತ್ತದೆ ಅಂತ 1993ರಿಂದಲೇ ಅಂಕಿ ಇದೆ. ಮೇಲಿನ ಬಿಪಿ ಒಮ್ಮೆ 90ಕ್ಕಿಂತ ಕೆಳಗೆ ಹೋದವರಲ್ಲೂ ಸಾವು ಸುಮಾರು ಎರಡು ಪಟ್ಟು ಕಂಡುಬಂತು. ತಲೆಯ ಒತ್ತಡ 25ರಿಂದ 18ಕ್ಕೆ ಇಳಿಯಿತು ಅಂತ ಖುಷಿಪಡುವಾಗ ಸರಾಸರಿ ಬಿಪಿ 85ರಿಂದ 65ಕ್ಕೆ ಬಿದ್ದಿದ್ದರೆ ಮೆದುಳಿಗೆ ರಕ್ತ ತಳ್ಳುವ ಬಲ, ಅಂದರೆ ಬಿಪಿಯಿಂದ ತಲೆಯ ಒತ್ತಡ ಕಳೆದದ್ದು, 60ರಿಂದ 47ಕ್ಕೆ ಇಳಿದ ಹಾಗೆ. 60ಕ್ಕಿಂತ ಕೆಳಗೆ ಬಿಡಬೇಡಿ ಅಂತ ನೀವೇ ನಮಗೆ ಕಲಿಸಿದ್ದು. ಒಂದು ಅಂಕಿ ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸಿದ್ದನ್ನು ಎಷ್ಟು ಸಲ ನೋಡಿದ್ದೇನೋ.

ಪ್ರೊಪೊಫಾಲ್‌ನದು ಇನ್ನೂ ಒಂದು ಇದೆ. ಗಂಟೆಗೆ ಒಂದು ಕೆಜಿ ತೂಕಕ್ಕೆ 4 ಎಂಜಿಗಿಂತ ಹೆಚ್ಚು, ಎರಡು ದಿನ ದಾಟಿ ಓಡಿಸಿದರೆ ಅಪಾಯ ಅಂತ ಪುಸ್ತಕದಲ್ಲಿದೆ. ರಕ್ತ ಆಮ್ಲೀಯವಾಗುತ್ತದೆ, ಸ್ನಾಯು ಒಡೆಯುತ್ತದೆ, ಹೃದಯ ಕೈಕೊಡುತ್ತದೆ. ಅಪರೂಪ, ಆದರೆ ಬಂದರೆ ಉಳಿಯುವುದು ಕಷ್ಟ. 60 ಕೆಜಿ ಇರುವವರಿಗೆ ಆ ಗೆರೆ ಅಂದರೆ ಪಂಪ್‌ನಲ್ಲಿ ಗಂಟೆಗೆ 24 ಎಂಎಲ್. ಎರಡು ಗಂಟೆಗೊಂದು ಸಿರಿಂಜ್ ಖಾಲಿ. ಎರಡು ಗಂಟೆಗೊಮ್ಮೆ ತುಂಬುತ್ತಿದ್ದೇನೆ ಅಂದರೆ ನನ್ನ ತಲೆಯಲ್ಲಿ ಗಂಟೆ ಬಾರಿಸುತ್ತದೆ. ಆದರೆ ನಿಲ್ಲಿಸುವ ಅಧಿಕಾರ ನನಗಿಲ್ಲ. ಆ ವೇಗದಲ್ಲಿ ದಿನಕ್ಕೆ 600 ಕ್ಯಾಲರಿಗೂ ಜಾಸ್ತಿ, ಬರೀ ಆ ಮದ್ದು ಕಲಸಿರುವ ಕೊಬ್ಬಿನಿಂದಲೇ ಒಳಗೆ ಹೋಗುತ್ತದೆ. ಮೂಗಿನ ನಳಿಕೆಯ ಊಟದ ಲೆಕ್ಕದಲ್ಲಿ ಅದನ್ನು ಯಾರೂ ಕಳೆದಿರುವುದಿಲ್ಲ. ತಲೆಯ ಒತ್ತಡ ಇಳಿಸುವ ಬಗ್ಗೆ ತಜ್ಞರು ಸೇರಿ ಬರೆದ 2019ರ ಸಿಯಾಟಲ್ ಒಮ್ಮತದ ಚಿಕಿತ್ಸಾಕ್ರಮ ಇನ್ನೂ ಒಂದು ಮಾತು ಹೇಳಿದೆ: ಮೆದುಳಿನ ಅಲೆಗಳು ಪೂರ್ತಿ ಮಂಕಾಗಲಿ ಅಂತ ಪ್ರೊಪೊಫಾಲ್ ಏರಿಸುತ್ತಾ ಹೋಗಬೇಡಿ.

ಇನ್ನು ಮಿಡಜೋಲಾಮ್. ಇದರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಫಿಟ್ಸ್ ತಡೆಯಲು ಅದು ಬೇಕೇ ಬೇಕು. ಬಿಪಿ ಹಿಡಿತಕ್ಕೆ ಸಿಗದವರಿಗೆ ಕೂಡ ಸರಿ. ಆದರೆ ದಿನಗಟ್ಟಲೆ ಓಡಿಸಿದರೆ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಲಿವರ್ ಅದನ್ನು ಒಡೆದ ಮೇಲೆ ಉಳಿಯುವ ವಸ್ತುವಿಗೂ ಮಂಪರು ತರುವ ಶಕ್ತಿ ಇದೆ. ಅದು ಮೂತ್ರದಲ್ಲಿ ಹೋಗಬೇಕು. ಕಿಡ್ನಿ ಸೋತಿದ್ದರೆ ಒಳಗೇ ಉಳಿಯುತ್ತದೆ.

ಹಿಂದೆ ನಾನಿದ್ದ ಒಂದು ಕಡೆ 50 ದಾಟಿದ ಒಬ್ಬರು ಬಂದರು. ಮೆಟ್ಟಿಲಿಂದ ಬಿದ್ದಿದ್ದರು. ಐದು ದಿನ ಮಿಡಜೋಲಾಮ್ ಓಡಿತು. ಮೂರನೇ ದಿನದಿಂದ ಮೂತ್ರ ಕಡಿಮೆಯಾಗುತ್ತಾ ಬಂತು, ಕಿಡ್ನಿ ಸೋಲುವುದನ್ನು ತೋರಿಸುವ ಕ್ರಿಯಾಟಿನಿನ್ ಏರಿತು. ಆರನೇ ದಿನ ಬೆಳಿಗ್ಗೆ ಮದ್ದು ನಿಲ್ಲಿಸಿದರು. ಮಾರನೇ ದಿನ ಮಧ್ಯಾಹ್ನ ಎದೆಯ ಮೂಳೆ ಮೇಲೆ ಗೆಣ್ಣು ಒತ್ತಿ ನೋಡಿದರು. ಕಣ್ಣು ಬಿಡಲಿಲ್ಲ, ಕೈ ಒಂಚೂರು ಮಡಚಿತು ಅಷ್ಟೇ. ಸಂಜೆ ಅವರ ಹೆಂಡತಿಯನ್ನು ಕೂರಿಸಿಕೊಂಡು "ಮೆದುಳಿಗೆ ತುಂಬಾ ಏಟಾಗಿದೆ, ಆಸೆ ಇಟ್ಕೋಬೇಡಿ" ಅಂದರು. ನಾನು ಪಕ್ಕದಲ್ಲೇ ಟ್ರಾಲಿ ಹಿಡಿದು ನಿಂತಿದ್ದೆ. ಕಿಡ್ನಿಯ ವಿಷಯ ನನ್ನ ನಾಲಿಗೆ ತುದಿಯಲ್ಲಿತ್ತು. ಹೇಳಲಿಲ್ಲ.

ಮದ್ದು ನಿಲ್ಲಿಸಿದ ನಾಲ್ಕನೇ ದಿನ ಬಾಯಿ ಸ್ವಚ್ಛ ಮಾಡುವಾಗ ಅವರು ನನ್ನ ಬೆರಳು ಕಚ್ಚಿದರು. ನಾನು "ಬಿಡಿ ಸರ್" ಅಂದೆ. ಬಿಟ್ಟರು. ಹೇಳಿದ್ದು ಕೇಳಿ ಬಿಟ್ಟರೋ, ಸುಮ್ಮನೆ ಬಾಯಿ ಸಡಿಲವಾಯಿತೋ ಅಂತ ಇನ್ನೊಮ್ಮೆ "ನಾಲಿಗೆ ತೋರಿಸಿ" ಅಂದೆ. ತೋರಿಸಿದರು. ಅವರು ಪೂರ್ತಿ ಹುಷಾರಾದರು ಅಂತ ಕಥೆ ಹೇಳುತ್ತಿಲ್ಲ. ಎಡಗೈ ಬಲ ಕಡಿಮೆಯಾಯಿತು, ಮಾತು ತಡವಾಯಿತು. ಆದರೆ ಆ ಮೂರು ದಿನ ಆ ಹೆಂಗಸು ಅನುಭವಿಸಿದ್ದಕ್ಕೆ ಕಾರಣ ಮೆದುಳಿನ ಪೆಟ್ಟಲ್ಲ, ಒಳಗೆ ಉಳಿದಿದ್ದ ಮದ್ದು. ಆ ನಡುವೆ ವೆಂಟಿಲೇಟರ್ ತೆಗೆಯುವ ಮಾತೂ ಬಂದಿತ್ತು.

ಮೆದುಳು ಸತ್ತಿದೆ ಅಂತ ಹೇಳುವ ಪರೀಕ್ಷೆಗೆ ಮುಂಚೆ ಮದ್ದಿನ ಅರ್ಧಾಯುಷ್ಯದ (ಮೈಯಲ್ಲಿ ಮದ್ದು ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಐದು ಪಟ್ಟು ಕಾಯಿರಿ, ಕಿಡ್ನಿ ಲಿವರ್ ಕೆಟ್ಟಿದ್ದರೆ ಇನ್ನೂ ಹೆಚ್ಚು ಕಾಯಿರಿ ಅಂತ 2020ರ ಜಾಗತಿಕ ಒಮ್ಮತದ ದಾಖಲೆ ಹೇಳುತ್ತದೆ. ಅಲ್ಲಿ ಎಲ್ಲರೂ ಎಚ್ಚರ ವಹಿಸುತ್ತಾರೆ. "ಆಸೆ ಇಟ್ಕೋಬೇಡಿ" ಅನ್ನುವ ಮಾತಿಗೆ ಮಾತ್ರ ಅಂಥ ಗಡುವು ಯಾರೂ ಹಾಕಿಕೊಂಡಿಲ್ಲ.

ಎಚ್ಚರ ಎಷ್ಟಿದೆ ಅಂತ ಅಳೆಯುವ ಜಿಸಿಎಸ್ ಸ್ಕೋರ್ ಕೂಡ ಹೀಗೇ. 1974ರಲ್ಲಿ ಗ್ಲಾಸ್ಗೋದಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಮಾಡಿಕೊಟ್ಟ ಅಳತೆ. ಕಣ್ಣು, ಮಾತು, ಕೈಕಾಲು ಸೇರಿ 3ರಿಂದ 15. ಕೊಳವೆ ಹಾಕಿದವರಿಗೆ ಮಾತಿನ ಅಂಕ ಸಿಗುವುದೇ ಇಲ್ಲ. ಮಂಪರಿನಲ್ಲಿರುವವರ ಕಣ್ಣು, ಕೈ ಎರಡೂ ಮದ್ದಿನ ವಶದಲ್ಲಿರುತ್ತವೆ. ಆದರೂ ನಾವು ಗಂಟೆಗೊಮ್ಮೆ 3, 3, 3 ಅಂತ ಬರೆಯುತ್ತಾ ಹೋಗುತ್ತೇವೆ. ಆಮೇಲೆ ಓದುವವರಿಗೆ ಅದು ಪೆಟ್ಟಿನ ಅಂಕಿಯ ಹಾಗೇ ಕಾಣುತ್ತದೆ. ಯಾವ ಮದ್ದು, ಎಷ್ಟು ವೇಗದಲ್ಲಿ ಓಡುವಾಗ ನೋಡಿದ್ದು ಅಂತ ಪಕ್ಕದಲ್ಲಿ ಬರೆಯದ ಜಿಸಿಎಸ್ ನನ್ನ ಪ್ರಕಾರ ಬರೆಯದೇ ಇದ್ದರೂ ನಡೆಯುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮೆದುಳಿಗೆ ಏಟಾಗಿ, ಹೇಳಿದ್ದಕ್ಕೆ ಕೈ ಅಲ್ಲಾಡಿಸದ 104 ಜನರಿಗೆ ಕೈ ಮುಚ್ಚಿ ತೆರೆಯಿರಿ ಅಂತ ಹೇಳುತ್ತಾ ಮೆದುಳಿನ ಅಲೆಗಳನ್ನು ತೋರಿಸುವ ಇಇಜಿ ತೆಗೆದರು. 16 ಜನರ ಮೆದುಳು ಆ ಮಾತಿಗೆ ಸ್ಪಂದಿಸಿತ್ತು. ಕೈ ಅಲ್ಲಾಡಿರಲಿಲ್ಲ. ಆವತ್ತಿನಿಂದ ಬೆಡ್ ಪಕ್ಕ ನಿಂತು ರೋಗಿಯ ಬಗ್ಗೆ ಬಾಯಿಗೆ ಬಂದ ಹಾಗೆ ಮಾತಾಡುವುದನ್ನು ಬಿಟ್ಟಿದ್ದೇನೆ.

ಹಾಗಾದರೆ ದಿನಾ ಬೆಳಿಗ್ಗೆ ಎಲ್ಲರ ಮದ್ದೂ ನಿಲ್ಲಿಸಿ ಎಬ್ಬಿಸಿಬಿಡೋಣ ಅಂತೀರಾ? ಅದೂ ಬೇಡ. 2000ದಲ್ಲಿ ದಿನಕ್ಕೊಮ್ಮೆ ಮದ್ದು ನಿಲ್ಲಿಸಿ ನೋಡಿದ ಹೆಸರಾಂತ ಪ್ರಯೋಗ ಬಂತು. 128 ರೋಗಿಗಳು. ದಿನಾ ನಿಲ್ಲಿಸಿದವರು ವೆಂಟಿಲೇಟರ್‌ನಲ್ಲಿದ್ದದ್ದು 4.9 ದಿನ, ಉಳಿದವರು 7.3 ದಿನ. ಒಳ್ಳೆಯದೇ. ಆದರೆ ಅವರು ಸಾಮಾನ್ಯ ಮೆಡಿಕಲ್ ಐಸಿಯು ರೋಗಿಗಳು, ತಲೆಗೆ ಪೆಟ್ಟು ಬಿದ್ದವರಲ್ಲ. ಆ ಪದ್ಧತಿಯನ್ನು ಹಾಗೇ ಎತ್ತಿ ತಂದು ನ್ಯೂರೋ ಐಸಿಯುನ ಗೋಡೆಗೆ ಅಂಟಿಸಿದ್ದನ್ನು ನಾನು ಕಂಡಿದ್ದೇನೆ. ಎರಡನೇ ದಿನದಲ್ಲಿದ್ದ ಒಬ್ಬ ಹುಡುಗಿ. ಒತ್ತಡ 21, 22ರ ಆಸುಪಾಸು. ಚೆಕ್‌ಲಿಸ್ಟ್‌ನಲ್ಲಿ ಟಿಕ್ ಬೇಕಲ್ಲ, ಬೆಳಿಗ್ಗೆ 7ಕ್ಕೆ ಪ್ರೊಪೊಫಾಲ್ ನಿಲ್ಲಿಸಿದೆವು. 7:20ಕ್ಕೆ ಕೊಳವೆ ಕಚ್ಚಿ ಕೆಮ್ಮಲು ಶುರು. ಒತ್ತಡ 44. ಮತ್ತೆ ಮಲಗಿಸಿ, ಒತ್ತಡ ಇಳಿಸುವ ಮದ್ದು ಮ್ಯಾನಿಟಾಲ್ ಹಾಕಿ, ಇಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ಆ ದಿನ ಅವಳನ್ನು ಎಬ್ಬಿಸಿ ನಮಗೆ ತಿಳಿಯಬೇಕಾದ್ದು ಏನೂ ಇರಲಿಲ್ಲ. ಸಿಟಿ ಸ್ಕ್ಯಾನ್ ಇತ್ತು, ತಲೆಯ ಒತ್ತಡ ಅಳೆಯುವ ತಂತಿ ಇತ್ತು, ಕಣ್ಣಿನ ಪಾಪೆಗೆ ಟಾರ್ಚ್ ಬಿಟ್ಟರೆ ಕುಗ್ಗುತ್ತಿತ್ತು.

ಒಬ್ಬರನ್ನು ಬೇಕಿದ್ದಕ್ಕಿಂತ ಜಾಸ್ತಿ ಮಲಗಿಸಿದೆವು, ಇನ್ನೊಬ್ಬರನ್ನು ಬೇಡದ ದಿನ ಎಬ್ಬಿಸಿದೆವು. ಇಬ್ಬರ ಚಾರ್ಟ್‌ನಲ್ಲೂ "ಒತ್ತಡಕ್ಕಾಗಿ, 24 ಗಂಟೆ 20ರ ಒಳಗಿದ್ದರೆ ಇಳಿಸಿ ನೋಡುವುದು" ಅಂತಲೋ, "ವೆಂಟಿಲೇಟರ್‌ಗಾಗಿ, ಕರೆದರೆ ಕಣ್ಣು ಬಿಡುವಷ್ಟು ಸಾಕು" ಅಂತಲೋ ಒಂದು ಸಾಲು ಇದ್ದಿದ್ದರೆ ಎರಡೂ ಆಗುತ್ತಿರಲಿಲ್ಲ.

ಉಳಿದ ಮದ್ದುಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕೆಟಮಿನ್ ಅಂದರೆ ತಲೆಪೆಟ್ಟಿನವರಿಗೆ ಮುಟ್ಟಲೇಬೇಡಿ ಅಂತ ನನಗೆ ಕಲಿಸಿದ್ದರು. ಒತ್ತಡ ಏರಿಸುತ್ತದೆ ಅನ್ನುವ ಆ ಭಯ 1970ರ ದಶಕದ ಕೆಲವು ವರದಿಗಳಿಂದ ಬಂದದ್ದು. ವೆಂಟಿಲೇಟರ್‌ನಲ್ಲಿದ್ದು ಬೇರೆ ಮಂಪರೂ ಇರುವವರಲ್ಲಿ ಹಾಗೆ ಆಗುವುದು ಆಮೇಲಿನ ಅಧ್ಯಯನಗಳಲ್ಲಿ ಕಾಣಲಿಲ್ಲ. ಬಿಪಿಯನ್ನೂ ಸಾಮಾನ್ಯವಾಗಿ ಬೀಳಿಸುವುದಿಲ್ಲ. ಈಗಲೂ ಕೆಟಮಿನ್ ಹೆಸರೆತ್ತಿದರೆ ಹುಬ್ಬೇರಿಸುವವರಿದ್ದಾರೆ. ಡೆಕ್ಸ್‌ಮೆಡಿಟೊಮಿಡಿನ್ ಒಳ್ಳೆಯದು, ಕರೆದರೆ ಕಣ್ಣು ಬಿಡುತ್ತಾರೆ, ಉಸಿರಾಟ ನಿಲ್ಲಿಸುವುದಿಲ್ಲ. ಕೊಳವೆ ತೆಗೆಯುವ ದಿನಗಳಲ್ಲಿ ಅದರಷ್ಟು ನೆಮ್ಮದಿ ಇನ್ನೊಂದಿಲ್ಲ. ಆದರೆ ನಾಡಿ 40ಕ್ಕೆ ಇಳಿದು ನಮ್ಮ ಎದೆ ಬಡಿಯುವ ಹಾಗೆ ಮಾಡುತ್ತದೆ. ಒತ್ತಡ ಏರಿ ಕೂತಿರುವ ಮೊದಲ ದಿನಗಳಿಗೆ ಅದೊಂದೇ ಸಾಲದು. ಥಯೋಪೆಂಟೋನ್ ಕೊನೆಯ ಅಸ್ತ್ರ. ಬೇರೆ ಏನಕ್ಕೂ ಬಗ್ಗದ ಒತ್ತಡಕ್ಕೆ ಮಾತ್ರ. ನಿಲ್ಲಿಸಿದ ಮೇಲೂ ದಿನಗಟ್ಟಲೆ ಮಂಪರು ಉಳಿಯುತ್ತದೆ.

ಇದರಲ್ಲಿ ಯಾವುದು ಗೆದ್ದಿತು ಅಂತ ಕೇಳಿದರೆ, ಯಾವುದೂ ಗೆದ್ದಿಲ್ಲ. ಆ 2016ರ ಮಾರ್ಗಸೂಚಿ ಪ್ರೊಪೊಫಾಲ್ ಬಗ್ಗೆಯೇ ಹೇಳುವುದು ಇಷ್ಟು: ಒತ್ತಡ ಇಳಿಸಲು ಬಳಸಿ, ಜೀವ ಉಳಿಸುತ್ತದೆ ಅಥವಾ ಆರು ತಿಂಗಳ ನಂತರದ ಸ್ಥಿತಿ ಸುಧಾರಿಸುತ್ತದೆ ಅಂತ ನಂಬಿ ಬಳಸಬೇಡಿ. ಅಂದರೆ ಆಯ್ಕೆ ನಿಮ್ಮ ತೀರ್ಮಾನದ ಮೇಲೇ ನಿಂತಿದೆ. ಆ ತೀರ್ಮಾನ ನಿಮ್ಮ ತಲೆಯಲ್ಲಿದ್ದರೆ ರಾತ್ರಿ ಮೂರಕ್ಕೆ ಅದು ನನಗೆ ಸಿಗುವುದಿಲ್ಲ ಅಲ್ವಾ?

ನಮ್ಮ ತಪ್ಪನ್ನೂ ಹೇಳಬೇಕು. ಮಲಗಿಸಲು ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಬರೆಯುವುದಿಲ್ಲ. ರಾತ್ರಿ ಒಬ್ಬಳೇ ಮೂರು ಬೆಡ್ ನೋಡುತ್ತಿರುತ್ತೇನೆ. ಒಂದರಲ್ಲಿ ಬಿಪಿ ಬೀಳುತ್ತಿದೆ. ಇನ್ನೊಂದರಲ್ಲಿ ರೋಗಿ ಕಾಲು ಕೆಳಗಿಳಿಸಿ ಕೊಳವೆಗೆ ಕೈ ಹಾಕುತ್ತಾರೆ. ಅವರ ಪಕ್ಕ ಕೂತು, ಕೈ ಹಿಡಿದು, ನೀವು ಆಸ್ಪತ್ರೆಯಲ್ಲಿದ್ದೀರಿ ಅಂತ ಹತ್ತು ಸಲ ಹೇಳಿದರೆ ಸಮಾಧಾನ ಆಗುತ್ತಾರೆ. ಹತ್ತು ನಿಮಿಷ ಬೇಕು. ನನ್ನ ಹತ್ತಿರ ಇರುವುದಿಲ್ಲ. ಫೋನ್ ಮಾಡಿ "ಸರ್, ತುಂಬಾ ಒದ್ದಾಡ್ತಿದಾರೆ" ಅನ್ನುತ್ತೇನೆ. "ಎರಡು ಎಂಎಲ್ ಏರಿಸಿ" ಅನ್ನುತ್ತೀರಿ. ಇಬ್ಬರಿಗೂ ಗೊತ್ತು ಅದು ಯಾರ ಸಲುವಾಗಿ ಅಂತ. ಬೆಳಿಗ್ಗೆ ಹ್ಯಾಂಡೋವರ್‌ನಲ್ಲಿ "ರಾತ್ರಿ ಅಜಿಟೇಟೆಡ್ ಇದ್ರು" ಅಂತ ಹೇಳಿ ಮನೆಗೆ ಹೋಗುತ್ತೇನೆ. ಆ ಎರಡು ಎಂಎಲ್ ಅಲ್ಲೇ ಉಳಿಯುತ್ತದೆ. ಆಡಳಿತ ನೋಡುವವರು ಈ ಪತ್ರ ಓದುತ್ತಿದ್ದರೆ ಇದು ಅವರಿಗೆ. ಸಿಬ್ಬಂದಿ ಕಡಿಮೆ ಇದ್ದ ರಾತ್ರಿಗಳಲ್ಲಿ ಮಂಪರಿನ ಮದ್ದು ಎಷ್ಟು ಖರ್ಚಾಗಿದೆ ಅಂತ ಒಮ್ಮೆ ಸ್ಟಾಕ್ ಪುಸ್ತಕ ನೋಡಿ.

ಆ ಒದ್ದಾಟಕ್ಕೂ ಒಂದು ಕಾರಣ ಇರಬಹುದು. ಮೂತ್ರದ ಪೈಪ್ ಮಡಚಿಕೊಂಡು ಹೊಟ್ಟೆ ಉಬ್ಬಿರುತ್ತದೆ. ಆಮ್ಲಜನಕ ಕಡಿಮೆಯಾಗಿರುತ್ತದೆ. ಕುತ್ತಿಗೆ ಪಟ್ಟಿ ಚುಚ್ಚುತ್ತಿರುತ್ತದೆ. ತಲೆಯಲ್ಲಿ ಹೊಸದಾಗಿ ರಕ್ತ ಸೇರುತ್ತಿರಬಹುದು, ಅದರ ಮೊದಲ ಸುಳಿವೇ ಆ ಒದ್ದಾಟ ಆಗಿರಬಹುದು. ಮಲಗಿಸಿದರೆ ಆ ಸುಳಿವೂ ಮಲಗಿತು.

ರೋಗಿಗಳ ಮನೆಯವರಿಗೆ ಒಂದು ಮಾತು. "ಹೇಗಿದ್ದಾರೆ" ಅಂತ ಕೇಳಿದರೆ "ಹಾಗೇ ಇದ್ದಾರೆ" ಅನ್ನುವ ಉತ್ತರ ಬರುತ್ತದೆ. ಇವತ್ತು ಮಂಪರಿನ ಮದ್ದು ಓಡುತ್ತಿದೆಯಾ, ಯಾವ ಕಾರಣಕ್ಕೆ, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಅಂತ ಕೇಳಿ. ಆಸೆ ಬಿಡಿ ಅಂತ ಯಾರಾದರೂ ಹೇಳಿದರೆ ಮದ್ದು ನಿಲ್ಲಿಸಿ ಎಷ್ಟು ಗಂಟೆಯಾಯಿತು, ಕಿಡ್ನಿ ಹೇಗಿದೆ ಅಂತ ಕೇಳಿ. ಒರಟುತನ ಅಂತ ಅಂದುಕೊಳ್ಳಬೇಡಿ. ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ನಿಮ್ಮಲ್ಲಿ ಒಬ್ಬರು ಈಗಾಗಲೇ ಹೀಗೆ ಬರೆಯುತ್ತಾರೆ. ಅವರ ಅಕ್ಷರ ಓದಲು ಕಷ್ಟ, ಆದರೂ ಅವರ ರಾತ್ರಿಗಳಲ್ಲಿ ನಾನು ಫೋನ್ ಮಾಡುವುದು ಕಡಿಮೆ. ಮಂಪರಿನ ಆಳ ಹೇಳಲು ಅವರು ಬಳಸುವುದು 2002ರಿಂದ ಎಲ್ಲ ಕಡೆ ಇರುವ ರಾಸ್ ಅಳತೆ. ಮೈನಸ್ 5 ಅಂದರೆ ಏನು ಮಾಡಿದರೂ ಮಿಸುಕದಷ್ಟು ಆಳ, ಪ್ಲಸ್ 4 ಅಂದರೆ ಹೊಡೆಯಲು ಬರುವಷ್ಟು ಒದ್ದಾಟ. "ಒತ್ತಡಕ್ಕೆ, ಮೈನಸ್ 4, ನಾಳೆ ಸ್ಕ್ಯಾನ್ ನೋಡಿ ಇಳಿಸುವುದು" ಅಂತ ಬರೆದಿದ್ದರೆ ಗುರಿ ಮುಟ್ಟಿದ ಮೇಲೆ ಡೋಸ್ ಇಳಿಸಲು ನನಗೇ ಧೈರ್ಯ ಬರುತ್ತದೆ. ಆ ತಾಯಿ ಕೇಳಿದರೆ ಉತ್ತರವೂ ಇರುತ್ತದೆ. ಇವತ್ತು ನಾವೇ ಮಲಗಿಸಿದ್ದೇವೆ ಅಮ್ಮ, ನಾಳೆ ಸ್ಕ್ಯಾನ್ ಆದ ಮೇಲೆ ಎಬ್ಬಿಸಿ ನೋಡುತ್ತೇವೆ, ಅಲ್ಲಿಯ ತನಕ ಅವನ ಎಚ್ಚರದ ಬಗ್ಗೆ ಯಾರೂ ಏನೂ ಹೇಳಲು ಆಗುವುದಿಲ್ಲ.

ಹೊಸ ಫಾರಂ ಅಚ್ಚು ಹಾಕಿಸುವುದು ಬೇಡ. ನಮ್ಮ ಡ್ರಗ್ ಚಾರ್ಟ್‌ನಲ್ಲಿ ಡೋಸ್ ಬರೆಯುವ ಕಾಲಂ ಪಕ್ಕ ಎರಡು ಬೆರಳು ಅಗಲದ ಖಾಲಿ ಜಾಗ ಇದೆ. ನಾನು ಅಳತೆ ಮಾಡಿ ನೋಡಿದ್ದೇನೆ, ಒಂದು ಸಾಲು ಹಿಡಿಸುತ್ತದೆ.

ಇಂತಿ,
ನೈಟ್ ಡ್ಯೂಟಿಯ ಒಬ್ಬ ಸಿಸ್ಟರ್